ಗಂಟಲಿಗೆ ಬಂದ ಹೊಸ ಬಾಡಿಗೆದಾರ

ವಿಶ್ರುತನ ಗಂಟಲಿನಲ್ಲಿ ಆಗ ಇಬ್ಬರು ವಾಸವಾಗಿದ್ದರು. ಒಬ್ಬ ಹುಟ್ಟಿದಾಗಿನಿಂದ ಇದ್ದ ಹಳೇ ಬಾಡಿಗೆದಾರ, ತೆಳ್ಳನೆಯ ಇಂಪಾದ ದನಿಯವನು. ಇನ್ನೊಬ್ಬ ಹೋದ ಬೇಸಿಗೆಯಲ್ಲಿ ಹೇಳದೆ ಕೇಳದೆ ಸಾಮಾನು ಸಮೇತ ಬಂದು ಇಳಿದವನು. ಹಳಬ ಮನೆ ಖಾಲಿ ಮಾಡುತ್ತಿರಲಿಲ್ಲ, ಹೊಸಬನಿಗೆ ಕಾಯುವ ತಾಳ್ಮೆ ಇರಲಿಲ್ಲ. ಹುಡುಗ ಬಾಯಿ ತೆರೆದರೆ ಯಾರು ಮಾತಾಡುತ್ತಾರೆ ಎಂಬುದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಹದಿನೈದರ ವಯಸ್ಸಿನಲ್ಲಿ ಎಲ್ಲರಿಗೂ ಬರುವ ಕಾಟ ಇದು, ಬಂದು ಹೋಗುತ್ತದೆ. ಆದರೆ ವಿಶ್ರುತನಿಗೆ ಅದು ಬಂದದ್ದು ಗಣಪತಿಯ ಮುಂದೆ. ಜೆ.ಪಿ. ನಗರದ ಅವರ ಮಂದಾರ ಅಪಾರ್ಟ್‌ಮೆಂಟಿನಲ್ಲಿ ಗಣೇಶನ ಹಬ್ಬಕ್ಕೆ ಮೊದಲ ದೇವರನಾಮ ಐದು ವರ್ಷದಿಂದ ಅವನದೇ. ಕಳೆದ ಹಬ್ಬದಲ್ಲಿ ಪಲ್ಲವಿಯ ಮೇಲಿನ ಸ್ವರಕ್ಕೆ ಏರುತ್ತಿದ್ದಾಗ ದನಿ ಎರಡು ಸೀಳಾಗಿ, ಒಂದು ಸೀಳು ಕೋಣದ ಕಡೆಗೂ ಇನ್ನೊಂದು ಕೋಳಿಯ ಕಡೆಗೂ ಹೋಯಿತು. ಮುಂದಿನ ಸಾಲಿನ ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನ ದೊಡ್ಡವರು ಬಾಯಿಗೆ ಕರವಸ್ತ್ರ ಹಿಡಿದು ನಕ್ಕರು. ಯಾರೋ ಪುಣ್ಯಾತ್ಮರು ಅದರ ವಿಡಿಯೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಹಾಕಿದರು.

ಅಂದಿನಿಂದ ವಿಶ್ರುತ ಮಾತು ಬಿಟ್ಟ. ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದ. ತೀರಾ ಬೇಕಾದರೆ 'ಹ್ಞೂಂ' ಅನ್ನುತ್ತಿದ್ದ, ಆ ಒಂದು ಶಬ್ದದಲ್ಲಿ ಮಾತ್ರ ಒಡಕು ಬರುತ್ತಿರಲಿಲ್ಲ. ಲಿಫ್ಟಿನ ಕನ್ನಡಿಯಲ್ಲಿ ಮುಖಕ್ಕಿಂತ ಮೊದಲೇ ಬೆಳೆದು ನಿಂತ ಮೂಗು, ಹಣೆಯ ಮೊಡವೆಗಳು ಕಾಣುತ್ತಿದ್ದವು, ಆದ್ದರಿಂದ ಮೆಟ್ಟಿಲಲ್ಲೇ ಓಡಾಡತೊಡಗಿದ. ನೆರೆಹೊರೆಯವರು ಹುಡುಗನಿಗೆ ಜಂಬ ಬಂದಿದೆ ಎಂದರು. ಅಪ್ಪ ಅನಂತರಾಮು, ವಯಸ್ಸು ಅಂದರು. ಅಮ್ಮ ವನಿತಾ ಏನೂ ಅನ್ನಲಿಲ್ಲ. ಅವನಿಗೆ ಇದ್ದ ಆಸೆ ಒಂದೇ. ಯಾರಾದರೂ ನಗದೆ ಐದು ನಿಮಿಷ ತನ್ನ ಹತ್ತಿರ ಮಾತಾಡಬೇಕು, ಅದು ಅಮ್ಮನಾದರೆ ಇನ್ನೂ ಒಳ್ಳೆಯದು. ಹಾಗಂತ ಹೇಳುವುದಕ್ಕೂ ಬಾಯಿಯೇ ಬೇಕಲ್ಲ.

ಆ ಭಾನುವಾರ ಬೆಳಿಗ್ಗೆ ಮಂದಾರದ ನೀರೆತ್ತುವ ಮೋಟಾರ್ ಸುಟ್ಟುಹೋಯಿತು. ಅನಂತರಾಮು ಅಸೋಸಿಯೇಷನ್ನಿನ ಸೆಕ್ರೆಟರಿ. ಮೋಟಾರನ್ನು ಬಿಚ್ಚಿಸಿ ಆಟೋದಲ್ಲಿ ಹಾಕಿಕೊಂಡು ಸಾರಕ್ಕಿಯ ವೈಂಡಿಂಗ್ ಅಂಗಡಿಗೆ ಹೊರಟರು. ಕೊಟ್ಟು ಬಂದರೆ ಆ ಅಂಗಡಿಯವನು ಮೂರು ದಿನ ಮಾಡುತ್ತಾನೆ, ಎದುರಿಗೆ ಕುರ್ಚಿ ಹಾಕಿಕೊಂಡು ಕೂತರೆ ಸಂಜೆಗೆ ಕೊಡುತ್ತಾನೆ. ಆ ಅವಸರದಲ್ಲಿ ಅವರ ಮೊಬೈಲು ಊಟದ ಮೇಜಿನ ಮೇಲೇ ಉಳಿಯಿತು. ವನಿತಾ ಅದಕ್ಕೂ ಮೊದಲೇ ಬಿಳೇಕಹಳ್ಳಿಯ ತಂಗಿಯ ಮನೆಗೆ, ಸೀಮಂತದ ಅಡಿಗೆಗೆ ಕೈ ಜೋಡಿಸಲು ಹೋಗಿದ್ದರು.

ಹತ್ತು ಗಂಟೆಯ ಹೊತ್ತಿಗೆ ಮೇಲಿನ ಟ್ಯಾಂಕು ಖಾಲಿಯಾಯಿತು. ಗೋಡೆಯ ಮೇಲಿನ ಇಂಟರ್‌ಕಾಮು ಬಡಿದುಕೊಳ್ಳತೊಡಗಿತು. ವಿಶ್ರುತ ತುಂಬ ಹೊತ್ತು ಕಿವಿ ಮುಚ್ಚಿಕೊಂಡು ಕೂತ, ಕೊನೆಗೆ ತಡೆಯಲಾರದೆ ಎತ್ತಿದ. ಒಡಕು ಬಾರದಿರಲೆಂದು ಹೊಟ್ಟೆಯ ಆಳದಿಂದ, ನಿಧಾನವಾಗಿ, "ಹ್ಞೂಂ... ಹೇಳಿ" ಅಂದ.

"ಅನಂತರಾಮು ಅವ್ರೇ, ಏನ್ರೀ ಇದು? ಮೈಯೆಲ್ಲಾ ಸೋಪು ಹಚ್ಕೊಂಡು ನಿಂತಿದೀನಿ."

ಕೆಳಗಿನ ಮಹಡಿಯ ಚನ್ನಬಸವಯ್ಯ. ನಿವೃತ್ತ ಎಂಜಿನಿಯರು, ಕೋಪ ಮಾತ್ರ ಇನ್ನೂ ಸೇವೆಯಲ್ಲಿತ್ತು. ಅಪ್ಪ ಇಲ್ಲ ಎಂದು ಹೇಳಬೇಕೆಂದು ವಿಶ್ರುತನಿಗೆ ಅನ್ನಿಸಿತು. ಆದರೆ ಅಷ್ಟು ಹೇಳಲು ಹೋದರೆ ಹಳಬ ನುಗ್ಗಿ ಬರುವುದು ಖಂಡಿತ. ಮತ್ತೆ "ಹ್ಞೂಂ" ಅಂದ. ಚನ್ನಬಸವಯ್ಯ ಸೋಪಿನ ಉರಿಯನ್ನು ಹೇಳಿದರು, ಮೆಂಟೆನೆನ್ಸ್ ಹೇಳಿದರು, ಆಮೇಲೆ ಯಾಕೋ ದನಿ ಇಳಿಸಿ ಮಂಡಿನೋವಿನ ಬಗ್ಗೆ ಹೇಳಿದರು. ಎಲ್ಲದಕ್ಕೂ ಹ್ಞೂಂ ಸಿಕ್ಕಿತು. ನಿಜವಾದ ಅನಂತರಾಮು ಆಗಿದ್ದರೆ ಎರಡನೇ ವಾಕ್ಯಕ್ಕೆ "ಮೀಟಿಂಗ್‌ನಲ್ಲಿ ನೋಡೋಣ" ಎಂದು ಇಟ್ಟುಬಿಡುತ್ತಿದ್ದರು. ಹತ್ತು ನಿಮಿಷದ ನಂತರ ಚನ್ನಬಸವಯ್ಯ, "ಇಷ್ಟು ಕೇಳಿಸ್ಕೊಂಡ್ರಲ್ಲ, ಅಷ್ಟು ಸಾಕು. ಸೋಪು ಒಣಗೋಯ್ತು, ಒರೆಸ್ಕೋತೀನಿ ಬಿಡಿ" ಎಂದು ಸಮಾಧಾನದಿಂದ ಇಟ್ಟರು.

ವಿಶ್ರುತ ಇಂಟರ್‌ಕಾಮನ್ನೇ ದಿಟ್ಟಿಸಿದ. ಹೊಸ ಬಾಡಿಗೆದಾರ ಯಾರೆಂದು ಅವನಿಗೆ ಈಗ ತಿಳಿಯಿತು, ಥೇಟು ಅಪ್ಪ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಒಬ್ಬ ಮನುಷ್ಯ ಅವನ ಹತ್ತಿರ ಹತ್ತು ನಿಮಿಷ ಮಾತಾಡಿದ್ದ, ನಕ್ಕಿರಲಿಲ್ಲ. ಇಂಟರ್‌ಕಾಮಿಗೆ ಮೊಡವೆ ಕಾಣುವುದಿಲ್ಲ. ಮುಂದಿನ ಸಲ ಗಂಟೆ ಹೊಡೆದಾಗ ಅವನು ಓಡಿಹೋಗಿ ಎತ್ತಿದ.

ಮೂರನೇ ಮಹಡಿಯ ವಿಮಲಮ್ಮ, ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅವರು ನೀರಿನ ವಿಷಯಕ್ಕೆ ಶುರು ಮಾಡಿ ಸಂಡಿಗೆಗೆ ಬಂದರು. ಪಾರಿವಾಳ ಬರುತ್ತವೆ ಎಂದು ಅನಂತರಾಮು ಟೆರೇಸಿಗೆ ಬೀಗ ಹಾಕಿಸಿ ಎರಡು ಬೇಸಿಗೆ ಆಗಿತ್ತು. ಅಂಗಡಿ ಸಂಡಿಗೆ ತಿಂದು ತಿಂದು ನಾಲಿಗೆ ಸತ್ತಿದೆ ಎಂದು ವಿಮಲಮ್ಮ ಕೊರಗಿದರು. ವಿಶ್ರುತನಿಗೆ ಅವರ ಮನೆಯ ಸಂಡಿಗೆಯ ನೆನಪಿತ್ತು. ಶುಕ್ರವಾರ ಹಾಡು ಒಪ್ಪಿಸಿದರೆ ಜೇಬು ತುಂಬ ಕೊಡುತ್ತಿದ್ದರು. 'ಅಜ್ಜಿ' ಎಂದು ಬಾಯಿಯ ತನಕ ಬಂದಿದ್ದನ್ನು ನುಂಗಿ, "ಹಾಕ್ಕೊಳ್ಳಿ ವಿಮಲಮ್ಮನವ್ರೇ" ಅಂದ. ಅತ್ತ ಕಡೆ ಅವರು ಮೂಗು ಸೀಟಿದ ಶಬ್ದ ಕೇಳಿತು.

ಹೀಗೆ ಹೊರಟ ಗಾಡಿ ನಿಲ್ಲಲಿಲ್ಲ. ಹೊಗಳಿಕೆ ತಲೆಗೇರಿ ಹುಡುಗ ಸ್ವಂತ ಬುದ್ಧಿಯಿಂದ ಒಂದು ಕೆಲಸವನ್ನೂ ಮಾಡಿದ. ಅಪ್ಪನ ಮೊಬೈಲಿನಿಂದ ಟ್ಯಾಂಕರಿನವನಿಗೆ ಫೋನು ಮಾಡಿ, ಆಳದ ದನಿಯಲ್ಲಿ, ಒಂದು ಲೋಡು ನೀರು ಕಳಿಸಲು ಹೇಳಿದ. ನೀರು ಬರುತ್ತದೆ ಎಂದು ಮನೆಮನೆಗೂ ತಿಳಿಸಿದ. ಮಂದಾರದಲ್ಲಿ ಹಬ್ಬದ ಕಳೆ ಬಂತು.

ಟ್ಯಾಂಕರ್ ಬಂದು ನಿಂತಿತು. ಆಗಷ್ಟೇ ಪಾಳಿಗೆ ಬಂದಿದ್ದ ಕಾವಲುಗಾರ ಮಾರಯ್ಯ ನೆಲದಡಿಯ ಸಂಪಿನ ಮುಚ್ಚಳ ತೆಗೆದು ನೋಡಿ, ತಲೆ ಕೆರೆದುಕೊಂಡು ಇಂಟರ್‌ಕಾಮ್ ಹಿಡಿದ.

"ಸಾರ್, ಸಂಪು ತುಂಬಿ ತುಳುಕ್ತೈತೆ. ಕೆಟ್ಟಿರೋದು ಮೋಟ್ರು. ಇವ್ನು ಎಲ್ಲಿಗೆ ಸುರೀಲಿ ಅಂತ ಕೇಳ್ತಾವ್ನೆ."

ನೀರಿಗೇನೂ ಬರವಿಲ್ಲ, ಮೇಲೆ ಹತ್ತಿಸುವ ಯಂತ್ರವಿಲ್ಲ ಅಷ್ಟೇ ಎಂಬುದು ವಿಶ್ರುತನಿಗೆ ಹೊಳೆದೇ ಇರಲಿಲ್ಲ. ಕೆಳಗೆ ಬಕೆಟು ಕೊಡ ಹಿಡಿದ ಜನ ಸೇರಿದ್ದರು. ಸೆಕ್ರೆಟರಿ ಕೆಳಗಿಳಿದು ಬರಲಿ ಎಂದು ಯಾರೋ ಕೂಗಿದರು. ಪರದೆಯ ಹಿಂದೆ ಬೆವರುತ್ತಾ ನಿಂತ ಹುಡುಗ, ಕಾಲು ಉಳುಕಿದೆ ಎಂದು ಮಾರಯ್ಯನ ಮೂಲಕ ಹೇಳಿ ಕಳಿಸಿದ. ಟ್ಯಾಂಕರಿನಿಂದಲೇ ಎಲ್ಲರೂ ಬಕೆಟಿಗೆ ಹಿಡಿದುಕೊಳ್ಳಲಿ, ವಯಸ್ಸಾದವರಿಗೆ ಉಳಿದವರು ಹೊತ್ತು ಕೊಡಲಿ ಎಂದೂ ಸೇರಿಸಿದ.

ಬೈಸಿಕೊಳ್ಳಲು ಸಿದ್ಧನಾಗಿ ಕಣ್ಣು ಮುಚ್ಚಿದ್ದವನಿಗೆ ಕೇಳಿದ್ದು ನಗು. ವರ್ಷಗಟ್ಟಲೆ ಒಂದೇ ಲಿಫ್ಟಿನಲ್ಲಿ ಮೊಬೈಲು ನೋಡುತ್ತಾ ನಿಂತಿದ್ದವರು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟು ದಾಟಿಸುತ್ತಿದ್ದರು. ಚನ್ನಬಸವಯ್ಯ ಮಂಡಿನೋವು ಮರೆತು ವಿಮಲಮ್ಮನ ಕೊಡ ಹೊತ್ತರು. ಯಾರೋ ಎಲ್ಲರಿಗೂ ಕಾಫಿ ತಂದರು. ವಿಶ್ರುತನಿಗೆ ತಾನೂ ಓಡಿಹೋಗಿ ಸಾಲಿನಲ್ಲಿ ನಿಲ್ಲಬೇಕೆನಿಸಿತು. ಬಕೆಟನ್ನೂ ತೆಗೆದುಕೊಂಡ. ಬಾಗಿಲ ಹತ್ತಿರ ಬಂದಾಗ ಮೆಟ್ಟಿಲಿನಿಂದ ವಿಮಲಮ್ಮನ ಮಾತು ಕೇಳಿಸಿತು.

"ಅಪ್ಪ ಉಳುಕಿದ ಕಾಲಲ್ಲಿ ಕೂತು ಇಷ್ಟೆಲ್ಲಾ ಮಾಡ್ತಿದಾರೆ. ಮಗರಾಯ ಒಂದು ಚೊಂಬು ಹಿಡ್ಕೊಂಡೂ ಈಚೆ ಬರ್ಲಿಲ್ಲ ನೋಡಿ."

ಬಕೆಟು ಬಚ್ಚಲಿಗೆ ವಾಪಸು ಹೋಯಿತು. ತಾನೇ ಕಟ್ಟಿದ ಹಬ್ಬಕ್ಕೆ ತನಗೇ ಕರೆಯಿಲ್ಲ. ವಿಶ್ರುತ ಮೇಜಿನ ಮುಂದೆ ಕೂತ. ಆಗ ಅಪ್ಪನ ಮೊಬೈಲು ಹೊಡೆದುಕೊಂಡಿತು, ಅಮ್ಮ. ಅಭ್ಯಾಸಬಲದಿಂದ ಎತ್ತಿ "ಹ್ಞೂಂ" ಅಂದುಬಿಟ್ಟ.

"ರೀ, ಅವ್ನು ಊಟ ಮಾಡಿದ್ನಾ?" ಹಿಂದಿನಿಂದ ಒಗ್ಗರಣೆಯ ಸದ್ದು, ಹೆಂಗಸರ ಗದ್ದಲ ಕೇಳುತ್ತಿತ್ತು.

"ಹ್ಞೂಂ."

"ಇಲ್ಲಿ ತಂಗಿ ಕೇಳಿದ್ಲು, ವಿಶ್ರುತ ಈಗ ಹಾಡಲ್ವಾ ಅಂತ. ನಂಗೆ ಏನು ಹೇಳ್ಬೇಕೋ ತಿಳೀಲಿಲ್ಲ ರೀ." ವನಿತಾ ಗದ್ದಲದಿಂದ ದೂರ ಬಂದರೆಂದು ಕಾಣುತ್ತದೆ, ಸದ್ದು ಕಡಿಮೆಯಾಯಿತು. "ನಿಮಗೆ ಯಾವತ್ತೂ ಹೇಳಿಲ್ಲ. ಎಷ್ಟೋ ಸಲ ಅವನ ರೂಮಿನ ಮುಂದೆ ಹೋಗಿ ನಿಂತ್ಕೋತೀನಿ. ಬಾಗಿಲು ತಟ್ಟಕ್ಕೆ ಭಯ ಆಗತ್ತೆ. ತಲೆಯಾಡ್ಸಿ ಕಳ್ಸಿಬಿಡ್ತಾನೆ. ನಾನು ಏನು ತಪ್ಪು ಮಾಡ್ದೆ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಗಿದೆ."

ವಿಶ್ರುತನಿಗೆ ಕಣ್ಣು ತುಂಬಿ ಬಂತು. ಅಮ್ಮಾ, ನಾನೇ, ಅನ್ನಬೇಕೆಂದು ಬಾಯಿ ತೆರೆದ. ಆದರೆ ಅಪ್ಪನಿಗೆ ಹೇಳಿಕೊಂಡ ಮಾತನ್ನು ಮಗ ಕದ್ದು ಕೇಳಿದನೆಂದರೆ ಅಮ್ಮನಿಗೆ ಹೇಗಾದೀತು? ಬಾಯಿ ಮುಚ್ಚಿದ.

"ಕೇಳಿಸ್ಕೋತಿದೀರಾ? ಇವತ್ತಾದ್ರೂ ನೀವು ಅವನ್ನ ಕೂರಿಸ್ಕೊಂಡು ಮಾತಾಡ್ಸಿ."

"ಮಾತಾಡಿಸ್ತೀನಿ" ಅಂದ ವಿಶ್ರುತ. ಒಂದು ಎಳೆಯೂ ಒಡೆಯಲಿಲ್ಲ.

"ಎಷ್ಟು ದಿನ ಆಗಿತ್ತು ರೀ, ನೀವು ಇಷ್ಟು ಹೊತ್ತು ನನ್ನ ಮಾತು ಕೇಳಿ" ಎಂದು ವನಿತಾ ಮೆಲ್ಲಗೆ ಹೇಳಿ ಇಟ್ಟರು.

ಸಂಜೆ ಅನಂತರಾಮು ಮೋಟಾರಿನೊಂದಿಗೆ ಗೇಟಿನಲ್ಲಿ ಇಳಿದರು. ಜನ ಚಪ್ಪಾಳೆ ತಟ್ಟಿದರು. ಇಡೀ ದಿನ ಫೋನಿನಲ್ಲಿ ಎಲ್ಲರನ್ನೂ ಸಂಭಾಳಿಸಿ, ಯಾರಿಗೂ ಗೊತ್ತಾಗದಂತೆ ಉಳುಕಿದ ಕಾಲಿನಲ್ಲೇ ಹೋಗಿ ಮೋಟಾರನ್ನೂ ತಂದರಲ್ಲ ಎಂದು ಚನ್ನಬಸವಯ್ಯ ಅವರ ಕೈ ಹಿಡಿದುಕೊಂಡರು. ಇಂಥ ಸೆಕ್ರೆಟರಿ ಇನ್ನೂ ಎರಡು ವರ್ಷ ಇರಬೇಕು ಎಂದು ಎಲ್ಲರೂ ಅಲ್ಲೇ ಠರಾವು ಮಾಡಿದರು. ಅನಂತರಾಮು ಯಾವ ಕಾಲು ಎಂದು ಕೇಳಲಿಲ್ಲ. ಹೊಗಳಿಕೆಗೆ ರಸೀದಿ ಕೇಳುವ ಜಾಯಮಾನ ಅವರದಲ್ಲ. ಯಾವುದಕ್ಕೂ ಇರಲಿ ಎಂದು ಸ್ವಲ್ಪ ಕುಂಟಿಕೊಂಡೇ ಮೆಟ್ಟಿಲು ಹತ್ತಿದರು.

ಮೋಟಾರ್ ಕೂರಿಸಿ ನೀರು ಬರುವ ಹೊತ್ತಿಗೆ ವನಿತಾ ಬಂದರು. ತಲೆ ತುಂಬ ಮಲ್ಲಿಗೆ, ಮುಖದಲ್ಲಿ ಬೆಳಕು. ಮಾತು ಕೊಟ್ಟಿದ್ದೀರಲ್ಲ, ಮಗನನ್ನು ಮಾತಾಡಿಸಿ ಎಂದು ಗಂಡನನ್ನು ರೂಮಿನ ಕಡೆ ತಳ್ಳಿ ಅಡಿಗೆಮನೆಗೆ ಹೋದರು. ಹೆಂಡತಿಗೆ ತಾವು ಯಾವಾಗ ಯಾವುದಕ್ಕೆ ಹ್ಞೂಂ ಅಂದಿರುತ್ತೇವೆ ಎಂಬುದು ಅನಂತರಾಮು ಅವರಿಗೆ ಎಂದೂ ನೆನಪಿರುತ್ತಿರಲಿಲ್ಲ. ಆದ್ದರಿಂದ ಅವರು ಅನುಮಾನಪಡಲಿಲ್ಲ.

"ಓದ್ತಿದೀಯಾ?"

"ಹ್ಞೂಂ."

"ನೀರು ಬಂತು."

"ಹ್ಞೂಂ."

ಮಾತುಕತೆ ಮುಗಿಯಿತು. ಅಷ್ಟರಲ್ಲಿ ಇಂಟರ್‌ಕಾಮು ಬಡಿದುಕೊಂಡಿತು. ಅನಂತರಾಮು ಹೋಗಿ ಎತ್ತಿದರು. ವಿಶ್ರುತ ರೂಮಿನ ಬಾಗಿಲಿಗೆ ಬಂದು ನಿಂತ. ವಿಮಲಮ್ಮ ಟೆರೇಸಿನ ಬೀಗದ ಕೈ ಕೇಳುತ್ತಿದ್ದರು. ಅನಂತರಾಮು ತಮ್ಮ ಎಂದಿನ ದನಿಯಲ್ಲಿ, "ಸಂಡಿಗೆ ಗಿಂಡಿಗೆ ಏನೂ ಇಲ್ಲ. ಮೀಟಿಂಗ್‌ನಲ್ಲಿ ನೋಡೋಣ" ಅಂದರು.

ಹೆಡ್‌ಮಿಸ್ಟ್ರೆಸ್ಸಿನ ಗಂಟಲು ಬಾಗಿಲ ತನಕ ಕೇಳಿಸಿತು. "ಯಾರು, ವಿಶ್ರುತನಾ? ದನಿ ಅಪ್ಪನ ಥರ ಬಂದ್ರೆ ಸಾಲ್ದು ಮರಿ, ಗುಣಾನೂ ಬರ್ಬೇಕು. ನಿಮ್ಮಪ್ಪ ಬೆಳಿಗ್ಗೆ ಎಷ್ಟು ಮರ್ಯಾದೆಯಿಂದ ಒಪ್ಕೊಂಡ್ರು. ಅವ್ರನ್ನ ನೋಡಿ ಕಲ್ತ್ಕೋ. ಫೋನು ಅವ್ರಿಗೆ ಕೊಡು."

ಅನಂತರಾಮು ನಿಧಾನವಾಗಿ ತಿರುಗಿ ಮಗನ ಮುಖ ನೋಡಿದರು. ಚಪ್ಪಾಳೆ, ಕಾಲು, ಟ್ಯಾಂಕರು, ಒಂದೊಂದೇ ಅವರ ತಲೆಯಲ್ಲಿ ಜಾಗಕ್ಕೆ ಬಂದು ಕೂತವು. ನಿಜ ಹೇಳಿದರೆ ದಿನವಿಡೀ ಗಳಿಸಿದ್ದೆಲ್ಲ ಹೋಗುತ್ತದೆ. ಅವರು ಗಂಟಲು ಸರಿಮಾಡಿಕೊಂಡು, ಬಹಳ ವಿಧೇಯತೆಯಿಂದ, "ತಪ್ಪಾಯ್ತು ಅಜ್ಜಿ. ಅಪ್ಪನಿಗೆ ಹೇಳ್ತೀನಿ" ಎಂದು ಇಟ್ಟರು.

ಅಡಿಗೆಮನೆಯಲ್ಲಿ ವನಿತಾ ಏನೋ ಗುನುಗುತ್ತಿದ್ದರು. ಆ ಮನೆಯಲ್ಲಿ ಹಾಡು ಕೇಳಿ ಬಹಳ ದಿನವಾಗಿತ್ತು.

"ಅವಳ ಹತ್ರಾನೂ ನೀನೇನಾ ಮಾತಾಡಿದ್ದು?" ಅನಂತರಾಮು ಪಿಸುಗುಟ್ಟಿದರು.

ವಿಶ್ರುತ ತಲೆಯಾಡಿಸಿದ. ಅಪ್ಪನ ಮುಖ ಸಣ್ಣದಾಯಿತು. ಬೈಯಲಿ, ಏನಾದರೂ ಅನ್ನಲಿ, ಈಗಲಾದರೂ ಕೂತು ಮಾತಾಡಲಿ ಎಂದು ಹುಡುಗ ಕಾದ.

"ಅವಳಿಗೆ ಹೇಳ್ಬೇಡ" ಅಂದರು ಅನಂತರಾಮು, ಬೇಡುವ ದನಿಯಲ್ಲಿ. ಆಮೇಲೆ ಸೇರಿಸಿದರು, "ನಾಳೆಯಿಂದ ಸಂಜೆ ಹೊತ್ತು ಇಂಟರ್‌ಕಾಮ್ ನೀನೇ ಎತ್ತು. ನನ್ನ ಹಾಗೇನೇ ಮಾತಾಡು. ಅಂದ್ರೆ, ಇವತ್ತು ಮಾತಾಡಿದ್ಯಲ್ಲ, ಹಾಗೆ."

ವಿಶ್ರುತನಿಗೆ ಹೇಳಲು ಬಹಳ ಇತ್ತು. ಹೇಳಿದರೆ ಅಡಿಗೆಮನೆಯ ಹಾಡು ನಿಲ್ಲುತ್ತದೆ. ಅವನು ಹೊಟ್ಟೆಯ ಆಳದಿಂದ, "ಹ್ಞೂಂ" ಅಂದ.

ಆ ಹ್ಞೂಂ ಕೇಳಿ ಒಳಗಿನಿಂದ ವನಿತಾ ಕೂಗಿದರು. "ರೀ, ತಟ್ಟೆ ಹಾಕಿದೀನಿ, ಬನ್ನಿ. ಅವನನ್ನೂ ಕರೀರಿ."