ಹದ್ದುಗಣ್ಣಯ್ಯನ ಧೂಮಕೇತು

ಎಲ್ಲಕ್ಕೂ ಮೂಲ ಒಂದು ಮಬ್ಬು. ಬೆರಳಿಗಂಟಿದ ಸುಣ್ಣವನ್ನು ಗೋಡೆಗೆ ಒರೆಸಿದರೆ ಉಳಿಯುತ್ತದಲ್ಲ, ಅಷ್ಟು ಸಣ್ಣ ಮಬ್ಬು.

ಬೆಳಗಿನ ಜಾವ ನಾಲ್ಕೂವರೆಗೆ ಹದ್ದುಗಣ್ಣಯ್ಯ ಬಾಡಿಗೆ ಮನೆಯ ತಾರಸಿಯ ಮೇಲೆ ತಲೆಗೆ ಕಪ್ಪು ಬಟ್ಟೆ ಹೊದ್ದು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ದುರ್ಬೀನಿಗೆ ಅಂಟಿಸಿಕೊಂಡು ನಿಂತಿದ್ದ. ಪೂರ್ವದ ಆಕಾಶವನ್ನು ಎಡದಿಂದ ಬಲಕ್ಕೆ, ಸಾಲು ಮುಗಿದ ಮೇಲೆ ಇನ್ನೊಂದು ಸಾಲು, ಹೀಗೆ ಓದಿಕೊಂಡು ಹೋಗುವುದು ಅವನ ಪದ್ಧತಿ. ಓದುವುದೇ ಅವನ ಕಸುಬು ಕೂಡ. ಇಪ್ಪತ್ತೆರಡು ವರ್ಷಗಳಿಂದ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ರೀಡರ್. ಅವನ ಕಣ್ಣು ತಪ್ಪಿಸಿ ಒಂದು ಅಲ್ಪವಿರಾಮವೂ ಅಚ್ಚಾದದ್ದಿಲ್ಲ ಎಂದು ಪ್ರೆಸ್ಸಿನವರು ಕೊಟ್ಟ ಬಿರುದು ಹದ್ದುಗಣ್ಣಯ್ಯ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರ ನೆನಪಿಗೂ ಬರುತ್ತಿರಲಿಲ್ಲ.

ಅವನ ಕೊರಗೂ ಅದೇ. ಕವಿಗಳು, ಅಧ್ಯಕ್ಷರು, ನಿರ್ದೇಶಕರು, ಹೀಗೆ ಸಾವಿರಾರು ಜನರ ಹೆಸರನ್ನು ತಿದ್ದಿ ಚೊಕ್ಕ ಮಾಡಿದವನ ಹೆಸರು ಒಮ್ಮೆಯೂ ಎಲ್ಲೂ ಅಚ್ಚಾಗಿರಲಿಲ್ಲ. ಧೂಮಕೇತುವಿನ ವಿಷಯದಲ್ಲಿ ಮಾತ್ರ ನ್ಯಾಯ ಬೇರೆ. ಮೊದಲು ಕಂಡು ವರದಿ ಮಾಡಿದವರ ಹೆಸರೇ ಅದಕ್ಕೆ. ಆ ಒಂದು ಆಸೆಗೆ ಅವನು ಹನ್ನೊಂದು ವರ್ಷ ನಿದ್ದೆಗೆಟ್ಟಿದ್ದ.

ಈ ಮಬ್ಬು ನಕ್ಷೆಯಲ್ಲಿ ಇರಲಿಲ್ಲ. ನೇರ ನೋಡಿದರೆ ಮಾಯವಾಗುತ್ತಿತ್ತು, ಓರೆಗಣ್ಣಿನಿಂದ ನೋಡಿದರೆ ಮತ್ತೆ ಕಾಣುತ್ತಿತ್ತು. ಸುತ್ತಲಿನ ಚುಕ್ಕೆಗಳ ಜೊತೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಐವತ್ತು ನಿಮಿಷ ಕಾದ. ಮತ್ತೆ ನೋಡಿದಾಗ ಮಬ್ಬು ಪಕ್ಕದ ಚುಕ್ಕೆಯ ಕಡೆಗೆ ಕೂದಲೆಳೆಯಷ್ಟು ಸರಿದಿತ್ತು. ಮಬ್ಬಾಗಿದ್ದೂ ಹಾಗೆ ಸರಿಯುವುದು ಧೂಮಕೇತು ಮಾತ್ರ. ಹದ್ದುಗಣ್ಣಯ್ಯ ಮೆಟ್ಟಿಲನ್ನು ಎರಡೆರಡಾಗಿ ಇಳಿದ.

"ಲೇ, ಎದ್ದೇಳೇ! ಸಿಕ್ತು ಕಣೇ!"

ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ದಣಿಯುವ ಹೆಂಡತಿ ಕಣ್ಣು ಬಿಡದೆ ಕೇಳಿದಳು, "ಏನು, ಬೀಗದ ಕೈನಾ?"

"ಧೂಮಕೇತು! ನಂದೇ! ಇನ್ಮೇಲೆ ಆಕಾಶದಲ್ಲಿ ನನ್ನ ಹೆಸರು ಓಡಾಡುತ್ತೆ!"

ಅವಳು ಎದ್ದು ಕೂತಳು. ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಹನ್ನೊಂದು ವರ್ಷ ಬೈದುಕೊಂಡೇ ಚಹಾ ಮಾಡಿಕೊಟ್ಟಿದ್ದವಳು ಈಗ ಬೈಯದೆ ಫೋನನ್ನು ಅವನ ಕೈಗಿಟ್ಟಳು. "ಮೊದಲು ವರದಿ ಕಳಿಸಿ. ಹೊಗಳಿಕೊಳ್ಳೋದು ಆಮೇಲೆ," ಎಂದಳು. ಧೂಮಕೇತುಗಳ ದಾಖಲೆ ಇಡುವ ಕೇಂದ್ರಕ್ಕೆ ವರದಿ ಆರು ಗಂಟೆಯೊಳಗೆ ಹೋಯಿತು.

ಕೆಳಮನೆಯ ಮಾಲೀಕರಿಗೆ ಮಹಡಿಯ ಮೇಲೆ ಸೂಜಿ ಬಿದ್ದರೂ ಕೇಳಿಸುತ್ತದೆ. ಆರೂಕಾಲಿಗೆ ಅವರು ಬಾಗಿಲಲ್ಲಿದ್ದರು.

"ಕಂಡಿದ್ದು ಯಾರ ತಾರಸಿಯಿಂದ ಸಾರ್?"

"ನಿಮ್ಮದೇ."

"ಹಾಗಾದ್ರೆ ಅರ್ಧ ಹೆಸರು ನಂದೂ ಇರ್ಲಿ. ನಾನೇನು ಪೂರ್ತಿ ಕೇಳ್ತಿಲ್ಲ."

ಹಾಗೆ ಬರುವುದಿಲ್ಲ ಎಂದು ಹದ್ದುಗಣ್ಣಯ್ಯ ತಿಳಿಹೇಳಿದ. ಮಾಲೀಕರು ಒಪ್ಪಿದಂತೆ ತಲೆಯಾಡಿಸಿ ಕೆಳಗಿಳಿದವರು, ಎಂಟು ಗಂಟೆಯೊಳಗೆ ಇಡೀ ಬೀದಿಗೆ "ನಮ್ಮ ತಾರಸಿಯ ಧೂಮಕೇತು" ಎಂದು ಸಾರಿ ಬಂದಿದ್ದರು. ಕೆಲಸಕ್ಕೆ ಹೊರಟ ಹದ್ದುಗಣ್ಣಯ್ಯನಿಗೆ ಎದುರಾದವರೆಲ್ಲ ಕೈ ಕುಲುಕಿದರು. ಅವನಿಗೆ ಹಾಲು ಕುಡಿದಷ್ಟು ಸಂತೋಷ. ಹತ್ತು ನಿಮಿಷದ ದಾರಿಯನ್ನು ಅರ್ಧ ಗಂಟೆ ನಡೆದ.

ಪ್ರೆಸ್ಸಿನಲ್ಲಿ ಯಜಮಾನರು ಎದ್ದು ನಿಂತರು. ಅವರು ಎದ್ದು ನಿಲ್ಲುವುದು ದೊಡ್ಡ ಗಿರಾಕಿಗಳಿಗೆ ಮಾತ್ರ. "ನಮ್ಮ ಪ್ರೆಸ್ಸಿನ ಕಣ್ಣು ರೀ ಇದು!" ಎಂದು ಬೆನ್ನು ತಟ್ಟಿದರು. ಯಂತ್ರ ನಡೆಸುವ ಮಷಿನ್‌ಮನ್ ಮಸಿ ಕೈಯಲ್ಲೇ ಅಪ್ಪಿಕೊಂಡು ಅವನ ಬಿಳಿ ಅಂಗಿಯ ಮೇಲೆ ಹತ್ತು ಬೆರಳನ್ನೂ ಮುದ್ರಿಸಿದ. ಈ ಸಂಭ್ರಮ ಸರಿಯಾಗಿ ಹದಿನೈದು ನಿಮಿಷ ನಡೆಯಿತು. ಆಮೇಲೆ ಫೋನು ಬಂತು.

ಮಾತಾಡಿದ್ದು ಒಬ್ಬ ಬ್ಯಾಂಕ್ ಮ್ಯಾನೇಜರು. ಅವರಿಗೆಂದು ಅಚ್ಚು ಹಾಕಿದ ಐದು ಸಾವಿರ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತು ದಿನಗಳಿದ್ದವು.

ಯಜಮಾನರು ಫೋನಿಟ್ಟು, ಕ್ಯಾಲೆಂಡರನ್ನು ಹದ್ದುಗಣ್ಣಯ್ಯನ ಮೂಗಿನ ಮುಂದೆ ಹಿಡಿದರು. "ಏನ್ರೀ ಇದು? ಆಕಾಶದಲ್ಲಿ ಇಲ್ಲದ್ದೆಲ್ಲ ಕಾಣ್ಸುತ್ತೆ, ಕಾಗದದ ಮೇಲೆ ಇರೋದು ಕಾಣ್ಸಲ್ವಾ?"

ಹದ್ದುಗಣ್ಣಯ್ಯನಿಗೆ ಭೂಮಿ ಬಾಯಿಬಿಟ್ಟಂತಾಯಿತು. ಆ ಪ್ರೂಫನ್ನು ತಿದ್ದಿದ ನೆನಪು ಅವನಿಗೆ ಸ್ಪಷ್ಟವಾಗಿಯೇ ಇತ್ತು. ಆದರೆ ಅಚ್ಚಾದ ಮೂವತ್ತು ಕಣ್ಣೆದುರೇ ಕೂತಿರುವಾಗ ನೆನಪನ್ನು ನಂಬುವವರು ಯಾರು?

"ಕಣ್ಣಿನ ದೋಷ ಯಜಮಾನ್ರೇ," ಎಂದ ಮಷಿನ್‌ಮನ್, ಯಾರೂ ಕೇಳದಿದ್ದರೂ. "ನಿದ್ದೆಗೆಟ್ಟು ಗಾಜಿನಲ್ಲಿ ನೋಡಿ ನೋಡಿ ಕೆಟ್ಟಿರುತ್ತೆ. ನಾನೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ. ಪಾಪ, ನಮ್ಮಣ್ಣ ಅವರು." ಹತ್ತು ವರ್ಷದಲ್ಲಿ ಒಂದು ಲೋಟ ಚಹಾ ಕೊಡಿಸದವನಿಗೆ ಒಮ್ಮೆಲೇ ಇಷ್ಟು ಕರುಣೆ ಎಲ್ಲಿಂದ ಉಕ್ಕಿತೋ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೇಬಿಟ್ಟ.

ಸರದಿ ಬರುವಷ್ಟರಲ್ಲಿ ಸಂಜೆ ನಾಲ್ಕು. ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಉರಿಯುವ ಹನಿ ಬಿಟ್ಟು, ಅರ್ಧ ಗಂಟೆ ಕೂರಿಸಿ, ದೀಪ ಹಾಕಿ ಬಗ್ಗಿ ನೋಡಿದರು. "ಪೊರೆ ಶುರುವಾಗಿದೆ," ಎಂದರು. "ದೀಪದ ಸುತ್ತ ಮಬ್ಬು ಕಂಡಂಗೆ ಆಗುತ್ತಾ?"

"ಚುಕ್ಕೆ ಸುತ್ತಲೂ ಕಾಣ್ಬಹುದಾ ಡಾಕ್ಟ್ರೇ?"

"ಯಾಕೆ ಕಾಣಬಾರದು? ಎಲ್ಲಾ ಚೀಟಿಲಿ ಬರ್ದಿದೀನಿ, ಓದ್ಕೊಳ್ಳಿ. ಇನ್ನೊಬ್ಬರು ಬನ್ರೀ!"

ಓದಿಕೊಳ್ಳುವುದು ಹೇಗೆ? ಹನಿ ಹಾಕಿದ ಕಣ್ಣಿಗೆ ಚೀಟಿ ಬರೀ ಬಿಳಿ ಬಟ್ಟೆಯ ಹಾಗೆ ಕಾಣುತ್ತಿತ್ತು. ಯಾವ ಕಾಗದವನ್ನೂ ಮೂರು ಸಲ ಓದದೆ ಕೆಳಗಿಡದ ಮನುಷ್ಯ ಅದನ್ನು ಹಾಗೆಯೇ ಮಡಿಸಿ ಜೇಬಿಗೆ ಹಾಕಿದ. ಹೊರಗೆ ಬಂದರೆ ಇಳಿಬಿಸಿಲಿಗೆ ಮಿನುಗುವ ವಾಹನಗಳ ಗಾಜಿಗೆಲ್ಲ ತಲೆ, ತಲೆಗೆಲ್ಲ ಬಾಲ. ಒಂದು ಬೀದಿಯಲ್ಲಿ ನಲವತ್ತು ಧೂಮಕೇತುಗಳನ್ನು ಎಣಿಸಿದ. ನಲವತ್ತೂ ಸರಿಯುತ್ತಿದ್ದವು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುವುದು ತನಗೇ ಹೇಳಿದ ಮಾತು ಎನ್ನಿಸಿ ಕಣ್ಣಲ್ಲಿ ನೀರು ಬಂತು. ಹನಿಯಿಂದ ಎಂದು ಮಷಿನ್‌ಮನ್‌ಗೆ ಹೇಳಿದ.

ಮನೆಗೆ ಬಂದವನೇ ಮಾಲೀಕರನ್ನು ಕರೆದ. "ನನ್ನ ಕಣ್ಣು ನಡೀತಿಲ್ಲ. ನಾನು ಹೇಳಿದ್ದನ್ನ ಫೋನಲ್ಲಿ ಬರೀರಿ. ವರದಿ ವಾಪಸ್ ತಗೋಬೇಕು."

"ವಾಪಸ್ಸಾ? ಬೀದಿಗೆಲ್ಲ ಹೇಳಿದೀನಲ್ಲ ಸಾರ್! ನಾಳೆ ಬೆಳಿಗ್ಗೆವರೆಗೂ ಕಾದು ಇನ್ನೊಂದ್ಸಲ ನೋಡಿ."

"ತಪ್ಪು ಅಂತ ಗೊತ್ತಾದ ಮೇಲೆ ಒಂದು ನಿಮಿಷ ಬಿಡಬಾರದು. ಬರೀರಿ," ಎಂದು ಹದ್ದುಗಣ್ಣಯ್ಯ ನೆಟ್ಟಗೆ ಕೂತ. ಸೋತಾಗಲೂ ಅವನ ಬೆನ್ನು ಬಾಗುತ್ತಿರಲಿಲ್ಲ. "ನಾನು ಇಪ್ಪತ್ತೆರಡು ವರ್ಷಗಳಿಂದ ಪ್ರೂಫ್ ರೀಡರ್. ಇನ್ನೊಬ್ಬರ ತಪ್ಪು ತಿದ್ದಿದವನು ತನ್ನ ತಪ್ಪನ್ನು ಮುಚ್ಚಿಡಬಾರದು. ನಾನು ಕಂಡದ್ದು ಧೂಮಕೇತುವಲ್ಲ, ನನ್ನ ಕಣ್ಣಿನ ಪೊರೆ. ದಯವಿಟ್ಟು ನನ್ನ ವರದಿಯನ್ನು ಹೊಡೆದುಹಾಕಿ."

ಮಾಲೀಕರು ಮೂಗೆಳೆಯುತ್ತ ಬರೆದು ಕಳಿಸಿದರು. ಆಗ ಐದೂವರೆ.

ಏಳಕ್ಕೆ ಹೆಂಡತಿ ಬಂದಳು. ಅವಳ ಹಿಂದೆಯೇ ಏದುಸಿರು ಬಿಡುತ್ತ ಪ್ರೆಸ್ಸಿನ ಯಜಮಾನರು ಮೆಟ್ಟಿಲು ಹತ್ತಿ ಬಂದರು; ಸದ್ದು ಕೇಳಿ ಮಾಲೀಕರೂ ಬಂದರು. ಯಜಮಾನರ ಕೈಯಲ್ಲಿ ಕ್ಯಾಲೆಂಡರಿನ ಹಳೆಯ ಪ್ರೂಫಿತ್ತು. ಫೆಬ್ರವರಿಯ ಮೂವತ್ತರ ಸುತ್ತ ಕೆಂಪು ಶಾಯಿಯ ದಪ್ಪ ವೃತ್ತ, ಪಕ್ಕದಲ್ಲಿ ಹದ್ದುಗಣ್ಣಯ್ಯನ ಮುತ್ತಿನಂಥ ಅಕ್ಷರ: "ತೆಗೆಯಿರಿ."

"ಆ ಮಷಿನ್‌ಮನ್ ತಿದ್ದೋಕೆ ಮುಂಚಿನ ಹಳೇ ಅಚ್ಚಿನ ಪ್ಲೇಟನ್ನೇ ಹಾಕಿ ಹೊಡೆದಿದಾನೆ ರೀ! ಈ ಪ್ರೂಫನ್ನ ಪೇಪರ್ ರೀಮಿನ ಕೆಳಗೆ ಬಚ್ಚಿಟ್ಟಿದ್ದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗೆ ನಿಮ್ಮ ಕಣ್ಣಿನ ಮೇಲೆ ಅಷ್ಟು ಕಾಳಜಿ ತೋರಿಸಿದಾಗಲೇ ನನಗೆ ಹೊಳೀಬೇಕಿತ್ತು. ತಪ್ಪಾಯ್ತು."

"ಆದ್ರೂ ಪೊರೆ ಬಂದಿದೆ ಅಂತ ಡಾಕ್ಟ್ರು ಹೇಳಿದಾರೆ," ಎಂದ ಹದ್ದುಗಣ್ಣಯ್ಯ ಸಣ್ಣ ದನಿಯಲ್ಲಿ.

"ಕೊಡಿ ಇಲ್ಲಿ," ಎಂದು ಹೆಂಡತಿ ಚೀಟಿ ಕಿತ್ತುಕೊಂಡಳು. ಡಾಕ್ಟರರ ಅಕ್ಷರ ಓದುವುದು ಅವಳ ಹೊಟ್ಟೆಪಾಡು. "ಎಡಗಣ್ಣಲ್ಲಿ ಪೊರೆ ಶುರು. ಬಲಗಣ್ಣು ಅತ್ಯುತ್ತಮ. ರೀ, ನೀವು ದುರ್ಬೀನಿಗೆ ಇಡೋದು ಯಾವ ಕಣ್ಣು?"

ಹದ್ದುಗಣ್ಣಯ್ಯನ ಕೈ ತಾನಾಗಿಯೇ ಮೇಲೆದ್ದು ಎಡಗಣ್ಣನ್ನು ಮುಚ್ಚಿತು. ಎಲ್ಲರೂ ಒಟ್ಟಿಗೆ ಕೂಗಿದರು. ಮಾಲೀಕರು ಫೋನೆತ್ತಿ, ಯಜಮಾನರು ಹೇಳಿಕೊಟ್ಟು, ಹೆಂಡತಿ ತಿದ್ದಿ, ವಾಪಸ್ ತೆಗೆದುಕೊಂಡದ್ದನ್ನು ವಾಪಸ್ ತೆಗೆದುಕೊಂಡಿದ್ದೇವೆ ಎಂಬ ಪತ್ರ ಏಳೂವರೆಗೆ ಹೋಯಿತು.

ಎಂಟೂವರೆಗೆ ಉತ್ತರ ಬಂತು. ಹೆಂಡತಿ ಓದಿದಳು.

"ನೀವು ವರದಿಯನ್ನು ಹಿಂತೆಗೆದುಕೊಂಡ ಇಪ್ಪತ್ತು ನಿಮಿಷಕ್ಕೆ ಆಗಷ್ಟೇ ಬೆಳಗಾಗುತ್ತಿದ್ದ ಬೇರೆ ದೇಶದ ಇಬ್ಬರು ಆಕಾಶದ ಅದೇ ಜಾಗದಲ್ಲಿ ಧೂಮಕೇತುವನ್ನು ಕಂಡು ತಿಳಿಸಿದರು. ಅದು ಹೊಸದೇ. ನಿಯಮದಂತೆ ಆ ಇಬ್ಬರ ಹೆಸರನ್ನೇ ಇಟ್ಟಾಗಿದೆ. ನಿಮ್ಮ ಎರಡನೆಯ ಪತ್ರ ತಡವಾಗಿ ತಲುಪಿತು. ವಿಷಾದಿಸುತ್ತೇವೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷದ ನಿದ್ದೆಯೆಲ್ಲ ಒಟ್ಟಿಗೆ ಬಂದವನಂತೆ ಹದ್ದುಗಣ್ಣಯ್ಯ ಕುರ್ಚಿಗೆ ಒರಗಿದ. ಮಾಲೀಕರು, "ನಾನು ಆಗ್ಲೇ ಹೇಳಿದ್ದೆ," ಎಂದು ಶುರುಮಾಡಿ, ಅವನ ಹೆಂಡತಿಯ ಮುಖ ನೋಡಿ ಕ್ಯಾಲೆಂಡರಿನ ಪ್ರೂಫಿನತ್ತ ಕಣ್ಣು ಹೊರಳಿಸಿದರು.

"ಇನ್ನೂ ಇದೆ," ಎಂದಳು ಅವಳು. "ತಮ್ಮ ತಪ್ಪನ್ನು ತಾವೇ ಇಷ್ಟು ಚೊಕ್ಕವಾಗಿ ಒಪ್ಪಿಕೊಂಡವರನ್ನು ನಾವು ಈವರೆಗೆ ಕಂಡಿಲ್ಲ. ನಮ್ಮ ಮಾಸಪತ್ರಿಕೆಯಲ್ಲಿ ತಪ್ಪುಗಳು ವಿಪರೀತ. ತಾವು ಪ್ರೂಫ್ ನೋಡಿಕೊಡುವಿರಾ? ಸಂಬಳವಿಲ್ಲ. ಪ್ರೂಫ್ ನೋಡಿದವರ ಹೆಸರು ಹಾಕುವ ರೂಢಿಯೂ ನಮ್ಮಲ್ಲಿಲ್ಲ. ಮೊದಲ ಪುಟವನ್ನು ಇದರ ಜೊತೆಗೇ ಕಳಿಸಿದ್ದೇವೆ."

ಮೊದಲ ಪುಟದಲ್ಲಿದ್ದದ್ದು ಹೊಸ ಧೂಮಕೇತುವಿನ ಸುದ್ದಿ. ಅದರ ನೆತ್ತಿಯ ಮೇಲೆ ಆ ಇಬ್ಬರ ಹೆಸರು, ದಪ್ಪ ಅಕ್ಷರದಲ್ಲಿ.

"ಎಸೀರಿ ಅತ್ಲಾಗೆ!" ಎಂದರು ಯಜಮಾನರು.

"ಓದು," ಎಂದ ಹದ್ದುಗಣ್ಣಯ್ಯ ಹೆಂಡತಿಗೆ, ಕಣ್ಣು ಮುಚ್ಚಿಕೊಂಡೇ. ಅವಳು ಓದಿದಳು. ಮೂರನೇ ಸಾಲಿಗೆ ಅವನ ಕೈ ಮೇಲೆದ್ದಿತು. "ನಿಲ್ಸು. ಪಶ್ಚಿಮ ಅಂತ ಹಾಕಿದಾರಾ? ಪೂರ್ವ ಆಗ್ಬೇಕು. ನಾನು ಕಣ್ಣಾರೆ ಕಂಡಿದೀನಿ."

ಅವನು ನೆಟ್ಟಗಾಗಿ ಕೂತ, ಎದೆ ಉಬ್ಬಿತು. ಯಜಮಾನರನ್ನೂ ಮಾಲೀಕರನ್ನೂ ಒಮ್ಮೆ ನೋಡಿದ. ಇಬ್ಬರೂ ಅವನ ಕಣ್ಣಿಗೆ ಎರಡು ದೊಡ್ಡ ಮಬ್ಬುಗಳು.

"ಕಂಡವರು ಯಾರೇ ಆಗಿರ್ಲಿ ಸಾರ್," ಎಂದ, "ನಾನು ನೋಡದೆ ಅದು ಅಚ್ಚಾಗಲ್ಲ. ಲೇ, ಕೆಂಪು ಪೆನ್ನು ತಾರೇ."