ಹವಾಲ್ದಾರನ ಬೆನ್ನು ಸಡಿಲಿಸಿದ್ದು

ಬೇರೆಯವರನ್ನು ತಿದ್ದುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಅಂಟಿದ ರೋಗ. ಅಲ್ಲಿನ ಮದರ್ ಅಗಾಥಾ ನಮ್ಮ ಬೆನ್ನು, ಉಗುರು, ಉಚ್ಚಾರ ಎಲ್ಲವನ್ನೂ ತಿದ್ದಿ, ತಿದ್ದಲು ಏನೂ ಉಳಿಯದಿದ್ದಾಗ ನಾವು ಸುಮ್ಮನೆ ಕೂರುವ ರೀತಿಯನ್ನೂ ತಿದ್ದುತ್ತಿದ್ದರು. ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ನಾನು ಯಜಮಾನರ ಮೇಲೆ ಕೈಯಿಟ್ಟೆ. ಅವರು ಪರ್ಫೆಕ್ಟ್ ಜಂಟಲ್‌ಮನ್. ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿ, ಕೊನೆಯವರೆಗೂ ಚಹಾವನ್ನು ಬಸಿಗೆ ಸುರಿದು ಸೊರ್ರೆಂದು ಕುಡಿದೇ ಹೋದರು. ಈಗ ಮನೆಯಲ್ಲಿ ಆ ಸದ್ದಿಲ್ಲ. ಇರಲಿ, ಹೇಳಹೊರಟಿದ್ದು ಎದುರುಮನೆಯ ಭೀಮರಾಯನ ವಿಷಯ.

ಭೀಮರಾಯ ಇಪ್ಪತ್ತನಾಲ್ಕು ವರ್ಷ ಸೈನ್ಯದಲ್ಲಿದ್ದು, ಹವಾಲ್ದಾರನಾಗಿ ರಿಟೈರ್ ಆಗಿ, ಕಪ್ಪು ಟ್ರಂಕಿನೊಂದಿಗೆ ಮನೆಗೆ ಬಂದ. ಓಣಿಯವರು ಹಾರ ಹಾಕಿ ಫೋಟೋ ತೆಗೆಸಿಕೊಂಡರು. ತಿಂಗಳು ತುಂಬುವುದರೊಳಗೆ ಅವನ ಹೆಂಡತಿ ಶರಣಮ್ಮ ನನ್ನ ಪಡಸಾಲೆಯಲ್ಲಿ ಕುಳಿತಿದ್ದಳು. ನಸುಕಿನಲ್ಲೇ ಎಲ್ಲರನ್ನೂ ಎಬ್ಬಿಸಿ, ತನ್ನ ಹಾಸಿಗೆಯ ಚಾದರವನ್ನು ಬಿಗಿಯಾಗಿ ಮಡಿಸಿ ಒಳಗೆ ಸೇರಿಸುತ್ತಾನಂತೆ. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದಾನಂತೆ. ಉಪ್ಪು ಹುಡುಕುವಷ್ಟರಲ್ಲಿ ಸಾರು ಉಕ್ಕಿ ಹೋಗುತ್ತದಂತೆ.

“ನಮ್ಮತ್ತಿದೂ ಹಾಜರಿ ತಗೊಳ್ಳಾಕತ್ತಾರ್ರಿ ಅಕ್ಕೋರ. ಮುದುಕಿ ಹಾಸಿಗ್ಯಾಗ ಮಕ್ಕೊಂಡೇ ‘ಹಾಜರ್’ ಅಂತಾಳ. ಇವರಿಗಿ ಏನರ ಒಂದು ಕೆಲಸ ಹಚ್ಚಿಕೊಡ್ರಿ. ಇಲ್ಲಂದ್ರ ನಾ ಮಕ್ಕಳನ್ನ ಕರ್ಕೊಂಡು ಕೆಂಭಾವಿಗಿ, ತವರಿಗಿ ಹೋಗಾಕಿ.”

ಅವಳ ಕಣ್ಣಲ್ಲಿ ನಗು ಇರಲಿಲ್ಲ. ಭೀಮರಾಯನದೂ ತಪ್ಪಲ್ಲ. ಇಷ್ಟು ವರ್ಷ ಎದ್ದೊಡನೆ ಏನು ಮಾಡಬೇಕೆಂದು ಯಾರೋ ಹೇಳುತ್ತಿದ್ದರು. ಈಗ ಹೇಳುವವರಿಲ್ಲದೆ, ದಿನವೂ ಸಂಜೆ ತನ್ನ ಬಾಗಿಲಲ್ಲಿ ನಿಂತು ಖಾಲಿ ಓಣಿಯನ್ನು ಕಾಯುತ್ತಿದ್ದ.

ಸುರಪುರದಲ್ಲಿ ಪರಿಚಯದವರೊಬ್ಬರು ಒಂದು ಶಾಲೆಯ ಅಧ್ಯಕ್ಷರು. ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳಲು ಸೂಪರ್‌ವೈಸರ್ ಬೇಕೆಂದಿದ್ದರು. ಹದಿನೈದು ದಿನ ಬಿಟ್ಟು ಇಂಟರ್‌ವ್ಯೂ. ಅಷ್ಟರಲ್ಲಿ ಇವನನ್ನು ನಮ್ಮಂಥ ಮನುಷ್ಯನನ್ನಾಗಿ ಮಾಡುವ ಪ್ರಾಜೆಕ್ಟ್ ಕೈಗೆತ್ತಿಕೊಂಡೆ. ಕುರ್ಚಿ ತೋರಿಸಿದರೆ ತುದಿಯಲ್ಲಿ ಸಲಾಕೆಯಂತೆ ಕೂರುತ್ತಿದ್ದ. ಬೆನ್ನು ಆನಿಸು, ರಿಲ್ಯಾಕ್ಸ್ ಆಗು ಎಂದೆ.

“ಎಷ್ಟು ಹೊತ್ತು ಆಗಬೇಕ್ರಿ ಅಕ್ಕೋರ?” ಎಂದು ಕೇಳಿದ.

ಹತ್ತು ಗಂಟೆ ಎಂದರೆ ನಮ್ಮ ಕಡೆ ಹತ್ತೂವರೆ ಎಂದು ಕಲಿಸಿದೆ. ಫೋನಿನಲ್ಲಿ ಜೈ ಹಿಂದ್ ಬಿಡಿಸಿದೆ. ಯಾರು ಏನು ಕೇಳಿದರೂ ಮೊದಲು ‘ನೋಡೋಣ್ರಿ’ ಎನ್ನಬೇಕು, ಇದು ಸಮಾಜದ ಕೀಲೆಣ್ಣೆ ಎಂದು ವಿವರಿಸಿದೆ. ಸೈನಿಕ ಏನನ್ನೂ ಅರ್ಧಂಬರ್ಧ ಕಲಿಯುವುದಿಲ್ಲ. ತೊಂದರೆಯಾದದ್ದೇ ಅಲ್ಲಿ.

ಇಂಟರ್‌ವ್ಯೂ ದಿನ ಗಂಡ ಹೆಂಡತಿಯ ಜೊತೆಗೆ ನಾನೂ ಬಸ್ಸು ಹತ್ತಿ ಹೋದೆ. ಹೇಳಿಕೊಟ್ಟಂತೆಯೇ ಅರ್ಧ ಗಂಟೆ ತಡವಾಗಿ ಒಳಗೆ ನಡೆದೆವು. ಭೀಮರಾಯ ಕುರ್ಚಿಗೆ ಬೆನ್ನು ಆನಿಸಿ, ಕಾಲ ಮೇಲೆ ಕಾಲು ಹಾಕಿಕೊಂಡ. ಬ್ಯೂಟಿಫುಲ್, ಎಂದುಕೊಂಡೆ. ಡ್ರೈವರ್ ಬರದಿದ್ದರೆ ಏನು ಮಾಡುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ನೋಡೋಣ್ರಿ, ಎಂದ. ದಾರಿಯಲ್ಲಿ ಟೈರು ಹೋದರೆ? ಅಡ್ಜಸ್ಟ್ ಮಾಡೋಣ್ರಿ. ಅಧ್ಯಕ್ಷರು ಪೆನ್ನು ಮುಚ್ಚಿ ನನ್ನ ಕಡೆ ತಿರುಗಿದರು.

“ಅಕ್ಕೋರ, ಇಂಥವ್ರು ನನ್ನ ಹಂತ್ಯಾಕ ಬೇಕಾದಷ್ಟು ಮಂದಿ ಅದಾರ. ನನಗ ಮಿಲಿಟರಿಯವ್ರು ಬೇಕಾಗಿತ್ತು.”

ಹೊರಗೆ ಬೇವಿನ ಮರದ ಕೆಳಗೆ ಶರಣಮ್ಮ ಕಾಯುತ್ತಿದ್ದಳು. ಅವಳಿಗೆ ಹೇಗೆ ಮುಖ ತೋರಿಸಲಿ? ನನ್ನೊಳಗೆ ಎಲ್ಲಿ ಕೂತಿದ್ದರೋ ಮದರ್ ಅಗಾಥಾ, ಎದ್ದು ನಿಂತರು. “ಸಿಟ್ ಅಪ್ ಸ್ಟ್ರೇಟ್, ಭೀಮರಾಯ” ಎಂಬ ನನ್ನ ದನಿಗೆ ನಾನೇ ಬೆಚ್ಚಿದೆ. ಅವನು ಕೂರಲಿಲ್ಲ, ಚಿಮ್ಮಿ ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. ಅಧ್ಯಕ್ಷರೂ ಹೊಟ್ಟೆ ಒಳಗೆಳೆದುಕೊಂಡು ನೆಟ್ಟಗಾದರು. ಬಾಗಿಲಲ್ಲಿದ್ದ ಜವಾನ ಚಹಾದ ತಟ್ಟೆ ಸಮೇತ ಕಂಬವಾದ. ಆ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ ಎಂದೆ. ಭೀಮರಾಯ ಗೋಡೆ ನೋಡುತ್ತ, ಯಾವ ಡ್ರೈವರ್ ಎಷ್ಟಕ್ಕೆ ಹಾಜರಾಗಬೇಕು, ಹೆಚ್ಚಿನ ಟೈರು ಎಲ್ಲಿರಬೇಕು, ಕೊನೆಯ ಮಗು ಇಳಿದಿದ್ದನ್ನು ಯಾರು ಬಂದು ಹೇಳಬೇಕು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಸೋಮವಾರ ಬಂದು ಸೇರಿಕೊಳ್ಳಿ ಎಂದರು ಅಧ್ಯಕ್ಷರು.

ಈಗ ಸುರಪುರದಲ್ಲಿ ಜನ ಆ ಬಸ್ಸುಗಳನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಾರಂತೆ. ಶರಣಮ್ಮ ತವರಿಗೆ ಹೋಗಿಲ್ಲ. ಮೊನ್ನೆ ಮಧ್ಯಾಹ್ನ ಶೇಂಗಾ ಹೋಳಿಗೆ ತಂದಿದ್ದಳು. ಮನೆಯಲ್ಲಿ ಕಾಯಿಪಲ್ಯ ತರಲು ಹೇಳಿದರೆ ಗಂಡ ಗೋಡೆಗೆ ಒರಗಿ, ನೋಡೋಣ, ಎನ್ನುತ್ತಾನಂತೆ.

“ಮಿಲಿಟರಿಯವ್ರನ್ನ ಸಾಲಿಗಿ ಕೊಟ್ರಿ, ನೀವು ತಯಾರ್ ಮಾಡಿದವ್ರನ್ನ ನನಗ ಬಿಟ್ರಿ” ಎಂದು ನಕ್ಕಳು. ಆಮೇಲೆ ನನ್ನ ಮಂಚದ ಕಡೆ ನೋಡಿ, “ಆದ್ರೂ ಅಕ್ಕೋರ, ನಿಮ್ಮ ಚಾದರದ ಮಡಿಕಿ ನಮ್ಮ ಮನಿಯವರದಕ್ಕಿಂತ ಬಿಗಿ ಅದರಿ” ಎಂದಳು.

ಅವಳು ಹೋದ ಮೇಲೆ, ಕಾನ್ವೆಂಟ್ ಬಿಟ್ಟು ಅರವತ್ತು ವರ್ಷವಾಯಿತು, ಇನ್ನಾದರೂ ರಿಲ್ಯಾಕ್ಸ್ ಆಗೋಣವೆಂದು ಚಾದರದ ಒಂದು ಮೂಲೆಯನ್ನು ಬೇಕೆಂದೇ ಎಳೆದುಬಿಟ್ಟು ಮಲಗಿದೆ. ಹೊರಳಿದೆ. ಮಗ್ಗುಲಾದೆ. ಎಷ್ಟು ಹೊತ್ತು ರಿಲ್ಯಾಕ್ಸ್ ಆಗಬೇಕೆಂದು ಕೇಳೋಣವೆಂದರೆ ನನಗೆ ಮೇಲಧಿಕಾರಿ ಯಾರೂ ಇರಲಿಲ್ಲ. ಎದ್ದು ಆ ಮೂಲೆಯನ್ನು ಬಿಗಿಯಾಗಿ ಒಳಗೆ ಸೇರಿಸಿದೆ. ಆಮೇಲೆ ಬಂದ ನಿದ್ದೆಯ ಸುಖ ಏನು ಹೇಳಲಿ.