ಕೂದಲಿಲ್ಲದ ಕಾಕಾನ ಕಟಿಂಗು

ತಲೆಯ ಮೇಲೆ ಒಂದೇ ಒಂದು ಕೂದಲಿಲ್ಲದಿದ್ದರೂ ತಿಂಗಳಿಗೊಮ್ಮೆ ತಪ್ಪದೆ ಕಟಿಂಗ್ ಮಾಡಿಸಿಕೊಳ್ಳುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ಅವನ ಅಣ್ಣನ ಮಗನೇ ನಾನು!

ಎಂಬತ್ತರ ದಶಕದ ಮಾತು. ಕುಂದಗೋಳ ಸೀಮೆಯ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಕಟಿಂಗ್ ಅಂಗಡಿ. ನಮ್ಮ ಕೇರಿಯವರು ಮುಟ್ಟಬಾರದವರೆಂದು ನಮಗೆ ಅಲ್ಲಿ ಕುರ್ಚಿಯಿಲ್ಲ. ನಮ್ಮ ತಲೆಗಳೆಲ್ಲ ಬೇವಿನ ಗಿಡದ ಕೆಳಗೆ ಅಪ್ಪನ ಕೈಗೆ ಸಿಗುತ್ತಿದ್ದವು. ಅಪ್ಪ ಕತ್ತರಿ ಆಡಿಸಿದ ಮೇಲೆ ನನ್ನ ತಲೆ ದನ ಮೇಯ್ದ ಹೊಲದಂತೆ ಕಾಣುತ್ತಿತ್ತು.

ಕಾಕಾ ಶಾಲೆಯ ಮಾಸ್ತರ. ಒಮ್ಮೆ ಹುಬ್ಬಳ್ಳಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪುಸ್ತಿಕೆ ತಂದು, ಅಸ್ಪೃಶ್ಯತೆಯ ನೆಪದಲ್ಲಿ ಯಾರನ್ನೂ ಅಂಗಡಿಯಿಂದ ಹೊರಗಿಡುವಂತಿಲ್ಲ ಎಂಬಲ್ಲಿ ಕೆಂಪು ಪೆನ್ಸಿಲ್ ಎಳೆದ. ಮರುದಿನವೇ ಹೋಗಿ ಆ ಕುರ್ಚಿಯಲ್ಲಿ ಕುಳಿತ.

ಅಂಗಡಿಯಾತ ಕಂಗಾಲು. "ಏನ್ ಕತ್ತರಿಸ್ಲಿರಿ ಮಾಸ್ತರ? ಒಂದ್ ಕೂದ್ಲಾನೂ ಇಲ್ಲಲ್ರಿ!"

"ಕೂದ್ಲಾ ಇದ್ದವರಿಗಷ್ಟ ಕಾಯ್ದೆ ಅಂತ ಎಲ್ಲಿ ಬರದೈತಿ ತೋರ್ಸು! ಕತ್ತರಿ ಆಡ್ಸು ಸುಮ್ನ."

ಪಾಪ, ಅವನು ಐದು ನಿಮಿಷ ಗಾಳಿಯಲ್ಲೇ ಕಚಕಚ ಕತ್ತರಿ ಆಡಿಸಿದ. ಅಷ್ಟು ಹೊತ್ತೂ ಕಾಕಾ ಕಾಯ್ದೆ ಓದಿದ, ಅದೂ ಗಟ್ಟಿಯಾಗಿ!

ಸುದ್ದಿ ಗೌಡರಿಗೆ ಮುಟ್ಟಿತು. "ಏನಲೇ, ಮಾಸ್ತರಗ ಕಟಿಂಗ್ ಮಾಡ್ದಿಯಂತ?"

"ಎಲ್ಲಿ ಮಾಡೀನ್ರಿ ಗೌಡ್ರ? ಬೇಕಾದ್ರ ಅವರ ತಲಿ ನೋಡ್ರಿ!"

ಗೌಡರಾದರೂ ಏನು ಮಾಡಿಯಾರು? ಕಾಕಾನ ಬೋಳುತಲೆಗಿಂತ ಗಟ್ಟಿ ಸಾಕ್ಷಿ ಯಾವ ಕೋರ್ಟಿನಲ್ಲಿ ಸಿಕ್ಕೀತು! ಹೀಗೇ ಆರು ತಿಂಗಳು ಕಳೆಯಿತು. ಆ ಕುರ್ಚಿಯಲ್ಲಿ ಕಾಕಾನನ್ನು ನೋಡುವುದು ಊರಿಗೆ ರೂಢಿಯಾಗಿಹೋಯಿತು.

ಅಷ್ಟರಲ್ಲಿ ನನಗೆ ಗುಮಾಸ್ತಿಕೆಯ ಇಂಟರ್‌ವ್ಯೂ ಬಂತು. ದನ ಮೇಯ್ದ ತಲೆ ಹೊತ್ತು ಸಾಹೇಬರ ಮುಂದೆ ಹೋಗುವುದೆಂತು? ಹುಬ್ಬಳ್ಳಿಯಲ್ಲೇ ಕಟಿಂಗ್ ಮಾಡಿಸಿಕೊಳ್ಳುತ್ತೇನೆ ಎಂದೆ.

"ಯಾಕ, ನಮ್ಮೂರಾಗ ಕತ್ತರಿ ಇಲ್ಲೇನು? ನಡಿ!" ಎಂದ ಕಾಕಾ.

ಅಂಗಡಿಯ ಬೆಂಚಿನ ಮೇಲೆ ಸಾಕ್ಷಾತ್ ಗೌಡರೇ ಕುಳಿತಿದ್ದರು! ನನ್ನ ತಲೆತುಂಬ ಕೂದಲು. ಇಲ್ಲಿ ಯಾವ ನೆಪವೂ ನಡೆಯುವಂತಿರಲಿಲ್ಲ. ಅಂಗಡಿಯಾತ ಗೌಡರನ್ನು ನೋಡಿದ, ನನ್ನನ್ನು ನೋಡಿದ. ನನಗೋ ಓಡಿಹೋಗಬೇಕೆನ್ನಿಸಿತು. ಕಾಕಾ ಪುಸ್ತಿಕೆ ಬಿಚ್ಚಿದ.

"ಇರ್ಲಿ ಬಿಡ್ರಿ ಮಾಸ್ತರ, ನನಗೂ ಬಾಯಿಪಾಠ ಆಗೇತಿ," ಎಂದ ಅಂಗಡಿಯಾತ. ಬಟ್ಟೆ ಝಾಡಿಸಿ ನನ್ನತ್ತ ತಿರುಗಿದ. "ಕುಂದ್ರು ತಮ್ಮಾ."

ಗೌಡರು ದಡಕ್ಕನೆ ಎದ್ದು ಹೊರಟೇಹೋದರು. ಅಂಗಡಿಯಾತ ಒಮ್ಮೆ ಬಾಗಿಲತ್ತ ನೋಡಿದ. ಆಮೇಲೆ ನನ್ನ ಕಿವಿಯ ಪಕ್ಕ ಕತ್ತರಿ ಓಡತೊಡಗಿತು. ಆ ಮನುಷ್ಯನ ಉಪಕಾರವನ್ನೂ ನಾನು ಮರೆತಿಲ್ಲ.

ಹೊರಗೆ ಬಂದ ಮೇಲೆ ಕಾಕಾ ನನ್ನ ತಲೆಯನ್ನೇ ನೋಡುತ್ತ ನಿಂತ. "ನನಗೂ ಹಿಂಗ ದಟ್ಟ ಕೂದ್ಲಾ ಇತ್ತಲೇ. ಲಗ್ನದ ಹಿಂದಿನ ದಿವಸ ಇಲ್ಲೇ ಬಂದಿದ್ದೆ. ಈ ಅಂಗಡ್ಯಾವನ ಅಪ್ಪ ಬಾಗಲದಾಗ ನಿಂದ್ರಿಸಿ ಹೊಳ್ಳಿ ಕಳಿಸಿದ."

ನಾನು ಅವನ ಕಾಲು ಮುಟ್ಟಲು ಬಾಗಿದೆ. ಕಾಕಾ ಭುಜ ಹಿಡಿದು ನಿಲ್ಲಿಸಿಬಿಟ್ಟ.

"ಬಾಗಬ್ಯಾಡಲೇ, ಕ್ರಾಪ್ ಕೆಡ್ತೈತಿ."